ಗುಂಬಜ್‌ಗೆ ಬಾಗಿಲು ಕೊಟ್ಟವನ ಲೆಕ್ಕಾಚಾರ

ಭಾನುವಾರದ ಮಧ್ಯಾಹ್ನ ಶ್ರೀರಂಗಪಟ್ಟಣದ ಗುಂಬಜ್‌ಗೆ ಹೋದರೆ ಮೆಟ್ಟಿಲ ಬುಡದಲ್ಲಿ ಚಪ್ಪಲಿಗಳ ರಾಶಿ. ಕಾದ ಕಲ್ಲಿನ ಮೇಲೆ ಮಕ್ಕಳು ತುದಿಗಾಲಲ್ಲಿ ಕುಣಿಯುತ್ತಾ ನೆರಳಿಗೆ ಓಡುತ್ತಾರೆ. ಸುತ್ತ ಮಿರಮಿರ ಮಿಂಚುವ 36 ಕರಿಕಲ್ಲಿನ ಕಂಬ. ಒಳಗೆ ಮೂರು ಗೋರಿ: ಹೈದರಾಲಿ, ಟಿಪ್ಪು, ಟಿಪ್ಪುವಿನ ತಾಯಿ. ಹೊಸ್ತಿಲ ಹತ್ತಿರ ಬಂದವರ ಕೈ ತಾನಾಗಿಯೇ ಬಾಗಿಲಿನ ಕಡೆ ಹೋಗುತ್ತದೆ. ಕಪ್ಪು ಮರಕ್ಕೆ ದಂತ ಕೂಡಿಸಿದ ಕುಸುರಿ ಕೆಲಸ ಅದು. ಬೆರಳಾಡಿಸದೆ ಮುಂದೆ ಹೋಗುವವರು ಕಡಿಮೆ. ಟಿಪ್ಪುವೇ ಮಾಡಿಸಿದ್ದಿರಬೇಕು ಎಂದುಕೊಂಡು ಒಳಗೆ ನಡೆಯುತ್ತಾರೆ.

ಟಿಪ್ಪು ಮಾಡಿಸಿದ್ದಲ್ಲ. ಆತ ಸತ್ತು ಅರ್ಧ ಶತಮಾನ ಕಳೆದ ಮೇಲೆ, 1855ರಲ್ಲಿ, ಈ ಬಾಗಿಲುಗಳನ್ನು ಕೊಟ್ಟವನು ಬ್ರಿಟಿಷ್ ಗವರ್ನರ್ ಜನರಲ್ ಲಾರ್ಡ್ ಡಾಲ್‌ಹೌಸಿ. ಪಠ್ಯಪುಸ್ತಕದಲ್ಲಿ ‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ಎಂಬ ನೀತಿಯ ಪಕ್ಕ ಹೆಸರು ಬರುವ ಅದೇ ಡಾಲ್‌ಹೌಸಿ.

ಅವನ ಕೊಡುಗೆ ಅಲ್ಲಿಗೆ ನಿಲ್ಲಲಿಲ್ಲ. ಅಲ್ಲಿಂದ ತುಸು ದೂರದ ದರಿಯಾ ದೌಲತ್ ಬಾಗ್‌ನ ಪಶ್ಚಿಮ ಗೋಡೆಯ ಮೇಲೆ ದೊಡ್ಡ ಯುದ್ಧಚಿತ್ರವೊಂದಿದೆ. 1780ರ ಸೆಪ್ಟೆಂಬರ್ 10ರಂದು ಕಂಚಿಯ ಹತ್ತಿರ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಈಸ್ಟ್ ಇಂಡಿಯಾ ಕಂಪನಿಯ ಪಡೆಯನ್ನು ನುಚ್ಚುನೂರು ಮಾಡಿದ ದೃಶ್ಯ. ಚೌಕಾಕಾರವಾಗಿ ಒತ್ತಿಕೊಂಡು ನಿಂತ ಕೆಂಪಂಗಿಗಳು, ನಡುವೆ ಸಿಡಿಯುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯೊಳಗೆ ಬೆರಳು ಕಚ್ಚುತ್ತಾ ಕೂತ ಕರ್ನಲ್ ವಿಲಿಯಂ ಬೇಯ್ಲಿ. ಈ ಚಿತ್ರ ಮಾಸಿ ಹಾಳಾಗಿತ್ತು. ಅದರ ಮೊದಲಿನ ರೂಪ ನೆನಪಿದ್ದ ಒಬ್ಬ ದೇಶೀ ಚಿತ್ರಗಾರನಿಂದ ಮತ್ತೆ ಬರೆಸಿದವನೂ ಡಾಲ್‌ಹೌಸಿಯೇ. ಬೇಯ್ಲಿ ಸ್ಕಾಟ್‌ಲೆಂಡಿನವನು. ಸಮಯಕ್ಕೆ ಸರಿಯಾಗಿ ನೆರವಿಗೆ ಬಾರದೆ ಹೋದ ಹೆಕ್ಟರ್ ಮನ್ರೋ ಸ್ಕಾಟ್‌ಲೆಂಡಿನವನು. ಪೊಲ್ಲಿಲೂರಿನಲ್ಲಿ ಸೆರೆಸಿಕ್ಕಿ ಶ್ರೀರಂಗಪಟ್ಟಣದಲ್ಲಿ ಮೂರೂವರೆ ವರ್ಷಕ್ಕೂ ಮೇಲೆ ಸಂಕೋಲೆಯಲ್ಲಿದ್ದು, 1799ರ ಮೇ 4ರಂದು ಅದೇ ಕೋಟೆಗೆ ಲಗ್ಗೆ ಹಾಕಿದ ಡೇವಿಡ್ ಬೇರ್ಡ್ ಕೂಡ ಸ್ಕಾಟ್‌ಲೆಂಡಿನವನೇ. ತನ್ನ ನಾಡಿನವರು ಪೆಟ್ಟು ತಿಂದ ಚಿತ್ರಕ್ಕೆ ಒಬ್ಬ ಸ್ಕಾಟಿಷ್ ಸಾಹೇಬ ಹೊಸ ಬಣ್ಣ ಹಚ್ಚಿಸಿದ.

ಎಂಥ ದೊಡ್ಡ ಮನಸ್ಸು ಅನಿಸುತ್ತದೆ. ಅನಿಸಲಿ. ಆದರೆ ಬಾಗಿಲು ಕೊಟ್ಟ ಮರುವರ್ಷವೇ, 1856ರ ಜನವರಿಯಲ್ಲಿ, ಕಲ್ಕತ್ತೆಯಲ್ಲಿ ಕೂತು ಅದೇ ಕೈ ಬರೆದ ಟಿಪ್ಪಣಿಯೊಂದಿದೆ. ಅದನ್ನೂ ಓದಿಕೊಂಡೇ ಈ ಮನಸ್ಸಿನ ಅಳತೆ ಹಿಡಿಯಬೇಕು.

ಟಿಪ್ಪಣಿಯ ವಿಷಯ ಮೈಸೂರು. ಅದರ ತಾತ್ಪರ್ಯ ಹೀಗೆ: ಮೈಸೂರಿನ ರಾಜನಿಗೆ ಈಗ 62. ಆ ವಂಶದಲ್ಲಿ ಅರವತ್ತು ಮುಟ್ಟಿದವರು ಇವರೊಬ್ಬರೇ ಎಂದು ಕೇಳಿದ್ದೇನೆ. ಹಾಗಾಗಿ ಇನ್ನು ಬಹಳ ಕಾಲ ಇರಲಾರರು. ಔರಸ ಪುತ್ರನಿಲ್ಲ, ಮೊಮ್ಮಗನಿಲ್ಲ. ಅವರು ತೀರಿಕೊಂಡ ದಿನ ರಾಜ್ಯ ಬ್ರಿಟಿಷ್ ಸರ್ಕಾರಕ್ಕೆ ಸೇರಬೇಕು.

ಪಕ್ಕದ ಮನೆಯ ಯಜಮಾನನ ವಯಸ್ಸನ್ನು ಬೆರಳಲ್ಲಿ ಎಣಿಸಿ, ಆತ ಯಾವಾಗ ಹೋದಾನು, ಹಿತ್ತಲಿಗೆ ಯಾವಾಗ ಬೇಲಿ ಹಾಕೋಣ ಎಂದು ಕಾಯುವವರನ್ನು ನಮ್ಮೂರುಗಳಲ್ಲಿ ಏನೆಂದು ಕರೆಯುತ್ತಾರೋ ಎಲ್ಲರಿಗೂ ಗೊತ್ತು. ಟಿಪ್ಪಣಿಯ ಭಾಷೆ ಮಾತ್ರ ಬಹಳ ಸಭ್ಯ.

ಇಷ್ಟು ಬರೆದವನು ದಡ್ಡನಲ್ಲ, ಸೋಮಾರಿಯಂತೂ ಅಲ್ಲವೇ ಅಲ್ಲ. ಜೇಮ್ಸ್ ಆ್ಯಂಡ್ರೂ ಬ್ರೌನ್ ರ‍್ಯಾಮ್ಸೆ ಎಂಬ ಪೂರ್ಣ ಹೆಸರಿನ ಡಾಲ್‌ಹೌಸಿ ಹುಟ್ಟಿದ್ದು 1812ರ ಏಪ್ರಿಲ್ 22ರಂದು, ಎಡಿನ್‌ಬರೊ ಬಳಿಯ ಡಾಲ್‌ಹೌಸಿ ಕೋಟೆಯಲ್ಲಿ. ತಂದೆ ಒಂಬತ್ತನೇ ಅರ್ಲ್; ನೆಪೋಲಿಯನ್ ವಿರುದ್ಧ ಸ್ಪೇನ್‌ನಲ್ಲಿ ಕಾದಾಡಿದವನು, ಕೆನಡಾದ ಗವರ್ನರ್ ಆಗಿದ್ದವನು. 1830ರಿಂದ 1832ರವರೆಗೆ ಭಾರತದ ಸೇನೆಯ ದಂಡನಾಯಕನೂ ಆಗಿದ್ದ. ಅಂದರೆ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಕಿತ್ತುಕೊಂಡಾಗ ಇಲ್ಲಿಯ ಸೇನೆಗೆ ಯಜಮಾನನಾಗಿದ್ದವನು ನಮ್ಮ ಡಾಲ್‌ಹೌಸಿಯ ಅಪ್ಪ. ಮಗ ಮೂರನೆಯವನು, ಪಟ್ಟಕ್ಕೆ ಬರುವ ಸಾಲಿನಲ್ಲಿ ಕೊನೆಯವನು. ಅಣ್ಣಂದಿರಿಬ್ಬರೂ ತೀರಿಕೊಂಡದ್ದರಿಂದ ಅರ್ಲ್ ಪದವಿ ಇವನ ಪಾಲಿಗೆ ಬಂತು. ವಂಶ, ವಾರಸು, ಆಕಸ್ಮಿಕದ ಸಾವು ಇವೆಲ್ಲ ಅವನಿಗೆ ಮನೆಯ ಸಂಗತಿಗಳೇ.

1835ರಲ್ಲಿ ಎಡಿನ್‌ಬರೊದಿಂದ ಚುನಾವಣೆಗೆ ನಿಂತು ಸೋತ. ಎರಡು ವರ್ಷದ ಮೇಲೆ ಹ್ಯಾಡಿಂಗ್ಟನ್‌ಷೈರ್‌ನಿಂದ ಗೆದ್ದ. ಪೀಲ್ ಸರ್ಕಾರದಲ್ಲಿ ವ್ಯಾಪಾರ ಮಂಡಳಿಗೆ ಬಂದು, ರೈಲು ಕಂಪನಿಗಳು ನಾಯಿಕೊಡೆಗಳಂತೆ ಏಳುತ್ತಿದ್ದ ಕಾಲದಲ್ಲಿ ಅವುಗಳ ಕಡತ ತಿರುವಿಹಾಕಿದ. 1848ರ ಜನವರಿಯಲ್ಲಿ ಕಲ್ಕತ್ತೆಗೆ ಬಂದಿಳಿದಾಗ ವಯಸ್ಸು 35. ಬಂದ ವರ್ಷವೇ ಪಂಜಾಬಿನಲ್ಲಿ ಯುದ್ಧ. ಚಿಲಿಯನ್‌ವಾಲಾದಲ್ಲಿ ಸಿಖ್ಖರು ಕಂಪನಿಯ ಸೇನೆಗೆ ಬೆವರಿಳಿಸಿದರು. ಆದರೂ 1849ರ ಮಾರ್ಚ್ 29ಕ್ಕೆ ಪಂಜಾಬ್ ಕಂಪನಿಯ ಕೈ ಸೇರಿತು, ಡಾಲ್‌ಹೌಸಿಗೆ ಮಾರ್ಕ್ವೆಸ್ ಬಿರುದು ಬಂತು. 1852ರಲ್ಲಿ ಬರ್ಮಾದ ಪೆಗು. ಕಾಲಿನ ಮೂಳೆಯ ನೋವು ಬಿಡದೆ ಕಾಡುತ್ತಿತ್ತು. 1853ರಲ್ಲಿ ತಾಯ್ನಾಡಿಗೆ ಮರಳುತ್ತಿದ್ದ ಹೆಂಡತಿ ಹಡಗಿನಲ್ಲೇ ಕಣ್ಣುಮುಚ್ಚಿದಳು. ಅದ್ಯಾವುದೂ ಅವನ ಬರಹವನ್ನಾಗಲಿ ಕಬಳಿಕೆಯನ್ನಾಗಲಿ ನಿಲ್ಲಿಸಲಿಲ್ಲ: ಸತಾರಾ, ಸಂಬಲ್‌ಪುರ, ಝಾನ್ಸಿ, ನಾಗಪುರ, ಕೊನೆಗೆ ಔಧ್.

ಈ ಪಟ್ಟಿಯನ್ನು ನಮ್ಮ ಮಕ್ಕಳು ಬಾಯಿಪಾಠ ಮಾಡುತ್ತಾರೆ. ದೂರದ ಊರುಗಳು, ದೂರದ ಕಥೆ. ಆದರೆ ಸತಾರಾ ಎಂದ ಕೂಡಲೇ ವಿಜಯಪುರ ನೆನಪಾಗಬೇಕು: 1818ರಿಂದ ವಿಜಯಪುರ ಸೀಮೆ ಸತಾರಾ ರಾಜನ ಕೆಳಗಿತ್ತು, 1848ರಲ್ಲಿ ಸತಾರಾ ಮುಳುಗಿದಾಗ ಗೋಲಗುಂಬಜ್‌ನ ಊರೂ ಕಂಪನಿಯ ಬುಟ್ಟಿಗೆ ಬಿತ್ತು. ನರಗುಂದದ ಅರಸ ಬಾಬಾಸಾಹೇಬನಿಗೆ ದತ್ತು ತೆಗೆದುಕೊಳ್ಳಲು ಅನುಮತಿ ಸಿಗಲಿಲ್ಲ. 1858ರಲ್ಲಿ ಆತ ಕತ್ತಿ ಹಿರಿದು ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದ, ಬೆಳಗಾವಿಯಲ್ಲಿ ನೇಣಿಗೇರಿದ. ಇನ್ನೂ ಹಿಂದಕ್ಕೆ ಹೋದರೆ ಕಿತ್ತೂರು. ಶಿವಲಿಂಗಪ್ಪನ ದತ್ತು ಒಪ್ಪುವುದಿಲ್ಲ ಎಂದು ಹಟ ಹಿಡಿದ ಧಾರವಾಡದ ಕಲೆಕ್ಟರ್ ಥ್ಯಾಕರೆ 1824ರ ಅಕ್ಟೋಬರ್ 23ರಂದು ಕೋಟೆಯ ಮುಂದೆ ಸತ್ತ. ಆಗ ಡಾಲ್‌ಹೌಸಿ 12 ವರ್ಷದ ಹುಡುಗ. ಮುಂಬಯಿ ಗವರ್ನರ್ ಆಗಿದ್ದವನು ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್, ಮತ್ತೊಬ್ಬ ಸ್ಕಾಟಿಷ್ ಪ್ರಭುವಿನ ಮಗ. ನರಗುಂದದ ಹೊತ್ತಿಗೆ ಅದೇ ಮುಂಬಯಿ ಕುರ್ಚಿಯಲ್ಲಿ ಕೂತಿದ್ದವನು ಈ ಎಲ್ಫಿನ್‌ಸ್ಟನ್‌ನ ಅಣ್ಣನ ಮಗ. ಡಾಲ್‌ಹೌಸಿ ಈ ಅಸ್ತ್ರವನ್ನು ಕಂಡುಹಿಡಿದವನಲ್ಲ. ಆಗೊಮ್ಮೆ ಈಗೊಮ್ಮೆ ಹೊರಬರುತ್ತಿದ್ದುದನ್ನು ಸಾಣೆ ಹಿಡಿದು ದಿನಬಳಕೆಗೆ ತಂದವನು.

ಮೈಸೂರಿನವರಿಗೆ ಸಂತಾನದ ಮಾತು ಬಂದರೆ ಮೊದಲು ನೆನಪಾಗುವುದು ಡಾಲ್‌ಹೌಸಿ ಅಲ್ಲ, ಅಲಮೇಲಮ್ಮ. ಒಡವೆಗಳೊಂದಿಗೆ ಮಾಲಂಗಿಯ ಮಡುವಿಗೆ ಹಾರುವ ಮೊದಲು ದೊರೆಗಳಿಗೆ ಮಕ್ಕಳಾಗದಿರಲಿ ಎಂದು ಶಪಿಸಿದಳು ಎಂಬ ಕಥೆಯನ್ನು ಟಾಂಗಾ ಹೊಡೆಯುವವರಿಂದ ಪ್ರೊಫೆಸರ್‌ಗಳವರೆಗೆ ಎಲ್ಲರೂ ಹೇಳುತ್ತಾರೆ. ಶಾಪಕ್ಕೆ ಜನ ಕಂಡುಕೊಂಡ ಪರಿಹಾರವೂ ಹಳೆಯದೇ: ದತ್ತು. ಮುಮ್ಮಡಿಯವರ ತಂದೆ ಖಾಸಾ ಚಾಮರಾಜ ಒಡೆಯರೇ ಬೇರೆ ಅರಸು ಮನೆಯಿಂದ ಆರಿಸಿ ತಂದವರು. 2015ರಲ್ಲಿ ಇದೇ ಅರಮನೆಯಲ್ಲಿ ದತ್ತು ಸ್ವೀಕಾರ ನಡೆದಾಗ ಊರಿಗೆ ಊರೇ ಟಿವಿ ಮುಂದೆ ಕೂತಿತ್ತು. ಅಲಮೇಲಮ್ಮನ ಶಾಪ ಮಗುವನ್ನು ತಡೆಯಬಹುದಿತ್ತು, ದತ್ತುವನ್ನಲ್ಲ. ಡಾಲ್‌ಹೌಸಿಯ ನೀತಿ ಆ ಕಿಂಡಿಯನ್ನೂ ಮುಚ್ಚಿತು.

ಮುಚ್ಚಲು ಬಳಸಿದ ಕಾನೂನಿನ ಬುದ್ಧಿವಂತಿಕೆ ನೋಡುವಂತಿದೆ. 1799ರ ಜುಲೈ 8ರಂದು ನಜರ್‌ಬಾದ್‌ನಲ್ಲಿ, ಈಗ ಬಸ್ಸು ಆಟೊಗಳ ಗದ್ದಲವಿರುವ ಅದೇ ನಜರ್‌ಬಾದ್‌ನಲ್ಲಿ, ಕಂಪನಿಗೂ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜನಿಗೂ ಒಪ್ಪಂದವಾಯಿತು. ಸೂರ್ಯಚಂದ್ರರಿರುವವರೆಗೆ ಇದು ನಡೆಯತಕ್ಕದ್ದು ಎಂಬುದು ಅದರ ಷರತ್ತು. ಕನ್ನಡ ಶಾಸನ ಓದಿದವರಿಗೆ ಇದು ಹೊಸದಲ್ಲ. ‘ಆಚಂದ್ರಾರ್ಕ’ ಎಂಬ ಮಾತು ಊರೂರ ದಾನಶಾಸನಗಳಲ್ಲಿದೆ, ಪಕ್ಕದಲ್ಲೇ ಸೂರ್ಯ ಚಂದ್ರರ ಚಿತ್ರವೂ ಇರುತ್ತದೆ. ಓದು ಬಾರದವರಿಗೂ ತಿಳಿಯಲಿ ಎಂದು. ಕಲ್ಕತ್ತೆಯ ಸಾಹೇಬರು ಮಾತ್ರ ಬೇರೊಂದು ಓದು ಓದಿದರು. ಒಪ್ಪಂದದಲ್ಲಿ ‘ವಾರಸುದಾರರು, ಉತ್ತರಾಧಿಕಾರಿಗಳು’ ಎಂಬ ಪದಗಳಿಲ್ಲ. ಆದ್ದರಿಂದ ಅದು ಆ ಒಬ್ಬ ವ್ಯಕ್ತಿಯ ಜೊತೆಗಿನ ಕರಾರು, ವ್ಯಕ್ತಿ ಹೋದರೆ ಕರಾರೂ ಹೋಯಿತು ಎಂದರು. ಒಬ್ಬ ಮನುಷ್ಯನ ಆಯುಸ್ಸಿಗೆ ಸೂರ್ಯ ಚಂದ್ರರನ್ನು ಯಾಕೆ ಸಾಕ್ಷಿ ಕರೆದರು ಎಂದು ಕೇಳಿದರೆ ಉತ್ತರವಿರಲಿಲ್ಲ.

ಇಲ್ಲಿ ಡಾಲ್‌ಹೌಸಿಯ ಪರ ವಕೀಲರು ಎದ್ದು ನಿಲ್ಲುತ್ತಾರೆ, ನಿಲ್ಲಬೇಕು ಕೂಡ. 1853ರ ರೈಲು ಟಿಪ್ಪಣಿ ಅವನದು. ಟೆಲಿಗ್ರಾಫ್ ತಂತಿ ಎಳೆಸಿದವನು, 1854ರಲ್ಲಿ ಇಡೀ ದೇಶಕ್ಕೆ ಅರ್ಧ ಆಣೆಯ ಏಕರೂಪ ಅಂಚೆ ದರ ತಂದವನು, ಲೋಕೋಪಯೋಗಿ ಇಲಾಖೆಗೆ ರೂಪ ಕೊಟ್ಟವನು, ಗಂಗಾ ಕಾಲುವೆ ಹರಿದದ್ದು ಅವನ ಕಾಲದಲ್ಲಿ, ವಿಧವಾ ವಿವಾಹ ಕಾಯ್ದೆಯ ಕರಡನ್ನು ಬೆಂಬಲಿಸಿದವನೂ ಹೌದು. ಎಲ್ಲ ನಿಜ. ಆದರೆ ಮೈಸೂರಿನಿಂದ ನೋಡುವವರು ಒಂದು ಮಾತು ಸೇರಿಸಬಹುದು. ಚಿಕ್ಕದೇವರಾಜ ಒಡೆಯರ ಕಾಲದಿಂದ ಇಲ್ಲಿ ಅಂಚೆ ಇತ್ತು. ಡಾಲ್‌ಹೌಸಿಯ ಅರ್ಧ ಆಣೆಯ ಚೀಟಿ ಬಂದ ಮೇಲೂ ಮೂರೂವರೆ ದಶಕ ಮೈಸೂರು ಅಂಚೆ ತನ್ನ ಪಾಡಿಗೆ ತಾನು ಓಡಿತು, 1889ರಲ್ಲಿ ವಿಲೀನವಾಯಿತು. ಇಂದಿಗೂ ಕನ್ನಡದಲ್ಲಿ ಅಂಚೆ ಕಚೇರಿ ಎನ್ನುತ್ತೇವೆ. ಒಳ್ಳೆಯ ಆಡಳಿತ ಬರಬೇಕಾದರೆ ಮೊದಲು ರಾಜ್ಯವನ್ನು ನುಂಗಬೇಕು ಎಂಬುದು ಡಾಲ್‌ಹೌಸಿಯ ನಂಬಿಕೆಯಾಗಿತ್ತೇ ಹೊರತು ಪ್ರಕೃತಿಯ ನಿಯಮವಲ್ಲ. ನುಂಗದೆಯೂ ಒಳ್ಳೆಯ ಆಡಳಿತ ಸಾಧ್ಯ ಎಂದು ಮುಂದೆ ಮೈಸೂರು ಸಂಸ್ಥಾನ ಮಾಡಿ ತೋರಿಸಿತು.

ಅತ್ತ ಟಿಪ್ಪಣಿಯ ಗುರಿಯಾಗಿದ್ದ ಮುಮ್ಮಡಿಯವರನ್ನು ನಾವು ನೆನೆಯುವ ಬಗೆ ಬೇರೆ. ಕೈಬಿಚ್ಚಿ ಖರ್ಚು ಮಾಡಿದವರು, ಕಲಾವಿದರ ಪೋಷಕರು, ‘ಶ್ರೀತತ್ತ್ವನಿಧಿ’ ಬರೆಸಿದವರು, ಹೊತ್ತುಹೋಗದೆ ಚದುರಂಗ ಪಗಡೆಗಳಲ್ಲಿ ಮುಳುಗಿದವರು. ರಾಜಕೀಯವಾಗಿ ದುರ್ಬಲರು ಎಂದು ಒಂದು ಸಾಲಿನಲ್ಲಿ ಮುಗಿಸುವುದು ರೂಢಿ. 1830ರಲ್ಲಿ ನಗರ ಸೀಮೆಯ ರೈತರು ಎದ್ದ ದಂಗೆಗೆ ಅವರ ಆಡಳಿತದ ಪಾಲೂ ಇತ್ತು, ಮುಚ್ಚಿಡಬೇಕಾಗಿಲ್ಲ. ಆದರೆ ಅವರ ಚದುರಂಗವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಅವರಿಗೆ ಅಚ್ಚುಮೆಚ್ಚಾಗಿದ್ದದ್ದು ಕುದುರೆಯ ನಡೆ: ಹಲಗೆಯ ಒಂದು ಮನೆಯನ್ನೂ ಬಿಡದೆ, ಒಂದು ಮನೆಗೂ ಎರಡು ಸಲ ಕಾಲಿಡದೆ ಕುದುರೆಯನ್ನು ಸುತ್ತಿಸಿ ತರುವ ಲೆಕ್ಕ. ನೇರ ನುಗ್ಗುವ ಆಟವಲ್ಲ. ಓರೆಯಾಗಿ ಹಾರಬೇಕು, ಹಿಂದೆ ಬರಬೇಕು, ಕಾಯಬೇಕು.

ಕಂಪನಿಯ ಜೊತೆ ಅವರು ಆಡಿದ್ದೂ ಅದನ್ನೇ. ಆಳುವ ಹಕ್ಕು ಹೋದ 1831ರಿಂದ ಸಾಯುವವರೆಗೆ 37 ವರ್ಷ ಖರೀತೆಯ ಮೇಲೆ ಖರೀತೆ, ರಾಜ್ಯ ಮರಳಿ ಕೊಡಿ ಎಂಬ ಪತ್ರಗಳು. 1857ರಲ್ಲಿ ಉತ್ತರ ಹೊತ್ತಿ ಉರಿದಾಗ ಮೈಸೂರು ಬ್ರಿಟಿಷರ ಪಕ್ಷದಲ್ಲಿ ನಿಂತಿತು. ದೇಶಾಭಿಮಾನದ ಕಣ್ಣಿಗೆ ಇದು ಚುಚ್ಚುತ್ತದೆ, ಚುಚ್ಚಲಿ. ದೊರೆಯ ಪಾಲಿಗೆ ಅದೂ ಹಲಗೆಯ ಮೇಲಿನ ಒಂದು ನಡೆ. ದಂಗೆಯ ನಂತರ ವೈಸರಾಯ್ ಕ್ಯಾನಿಂಗ್ ದೇಶೀ ರಾಜರಿಗೆಲ್ಲ ದತ್ತು ಸನ್ನದು ಹಂಚಿದ. ಮೈಸೂರಿಗೆ ಕೊಡಲಿಲ್ಲ, ರಾಜ್ಯಭಾರ ರಾಜರ ಕೈಯಲ್ಲಿಲ್ಲವಲ್ಲ ಎಂಬ ನೆಪ. 1861ರಲ್ಲಿ ಅರ್ಜಿ ಹೋಯಿತು, ಮರುವರ್ಷ ‘ಇಲ್ಲ’ ಎಂದು ಬಂತು. ಮುಂದೆ ವೈಸರಾಯ್ ಆಗಿ ಬಂದ ಜಾನ್ ಲಾರೆನ್ಸ್ ಕೂಡ ಒಪ್ಪಲಿಲ್ಲ.

ಒಪ್ಪಿಗೆ ಬರಲಿ ಎಂದು ಅವರು ಕಾಯಲಿಲ್ಲ. 1865ರ ಜೂನ್ 18ರಂದು ಬೆಟ್ಟದಕೋಟೆ ಮನೆತನದ ಎರಡು ವರ್ಷದ ಮಗು ಚಾಮರಾಜೇಂದ್ರನನ್ನು ದತ್ತು ತೆಗೆದುಕೊಂಡೇಬಿಟ್ಟರು. ಏನು ಮಾಡುತ್ತೀರೋ ಮಾಡಿ ಎಂಬಂತೆ. ಅಲ್ಲಿಂದ ಜಗಳ ಲಂಡನ್ನಿಗೆ ಹೋಯಿತು. ಮೇಜರ್ ಇವಾನ್ಸ್ ಬೆಲ್ ಎಂಬ ಕಂಪನಿಯ ಹಳೆಯ ಅಧಿಕಾರಿಯೇ ಮೈಸೂರಿನ ಪರವಾಗಿ ಪುಸ್ತಕ ಬರೆದ. 1866ರಲ್ಲಿ ಸಂಸತ್ತಿನ ಮುಂದೆ ಮೈಸೂರಿನ ಪರ ಮನವಿ ಇಟ್ಟವನು ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್. ಅವನಪ್ಪನೂ ಸ್ಕಾಟ್‌ಲೆಂಡಿನವನೇ, ಆ ನಾಡಿನ ಲೆಕ್ಕ ಸರಿದೂಗಲೆಂದು ಈ ಮಾತು. 1867ರ ಏಪ್ರಿಲ್‌ನಲ್ಲಿ ಲಂಡನ್ ಸರ್ಕಾರ ಮಣಿಯಿತು: ದತ್ತುಪುತ್ರನೇ ಮುಂದಿನ ದೊರೆ.

ಮುಮ್ಮಡಿಯವರು ಕಣ್ಣುಮುಚ್ಚಿದ್ದು 1868ರ ಮಾರ್ಚ್ 27ರಂದು, 73ನೇ ವಯಸ್ಸಿನಲ್ಲಿ. ಇನ್ನು ಬಹಳ ಕಾಲ ಇರಲಾರರು ಎಂದು ಬರೆದಿದ್ದವನು ಏಳು ವರ್ಷ ಮೊದಲೇ ಹೋಗಿದ್ದ. 1860ರ ಡಿಸೆಂಬರ್ 19ರಂದು, ತಾನು ಹುಟ್ಟಿದ ಕೋಟೆಯಲ್ಲೇ ಡಾಲ್‌ಹೌಸಿ ಸತ್ತಾಗ ವಯಸ್ಸು 48.

ಅದಕ್ಕಿಂತ ವಿಚಿತ್ರವಾದದ್ದು ಅವನ ಮನೆಯ ಸಂಗತಿ. ಡಾಲ್‌ಹೌಸಿಗೆ ಇಬ್ಬರು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. ಪಂಜಾಬ್ ಗೆದ್ದು ಪಡೆದ ಮಾರ್ಕ್ವೆಸ್ ಬಿರುದು ವಾರಸುದಾರನಿಲ್ಲದೆ ಅವನ ಜೊತೆಗೇ ಮಣ್ಣಾಯಿತು. ಅರ್ಲ್ ಪದವಿ ಮಾತ್ರ ಚಿಕ್ಕಪ್ಪನ ಮಗ ಫಾಕ್ಸ್ ಮೌಲ್‌ಗೆ ಹೋಯಿತು. ಈ ಮೌಲ್ ಎಂಬ ಹೆಸರಿನ ಹಿಂದೆಯೂ ಒಂದು ಕಥೆ. ಆ ಚಿಕ್ಕಪ್ಪ ಹುಟ್ಟಿನಿಂದ ರ‍್ಯಾಮ್ಸೆ. ತಾತನ ಸಾಲಿನ ನೆಂಟನೊಬ್ಬನ ಜಹಗೀರು ಕೈಸೇರಿದಾಗ ಅವರ ಮನೆಹೆಸರನ್ನೇ ಇಟ್ಟುಕೊಂಡು ಮೌಲ್ ಆದವನು. ಮನೆತನ ಅಳಿಯಬಾರದೆಂದು ಹೆಸರು ಬದಲಿಸಿ ಆಸ್ತಿ ದಾಟಿಸುವ ದಾರಿ ಸ್ಕಾಟಿಷ್ ಜಹಗೀರುದಾರರಿಗೂ ಚೆನ್ನಾಗಿ ಗೊತ್ತಿತ್ತು. ಅದನ್ನು ಅವರು ಕುಟುಂಬ ಪದ್ಧತಿ ಎಂದರು. ಝಾನ್ಸಿಯಲ್ಲಿ, ನಾಗಪುರದಲ್ಲಿ ಅಂಥದ್ದನ್ನೇ ಮಾಡಿದರೆ ಹಕ್ಕಿಲ್ಲ ಎಂದರು.

ಹಾಗಾದರೆ ಗುಂಬಜ್‌ನ ಬಾಗಿಲನ್ನು ಹೇಗೆ ನೋಡುವುದು? ಕಿತ್ತು ಮ್ಯೂಸಿಯಂಗೆ ಸಾಗಿಸಿ ಎಂಬ ಕೂಗು ಬೇಡ. ನೂರೆಪ್ಪತ್ತು ವರ್ಷ ಇಲ್ಲಿಯ ಬಿಸಿಲು ಮಳೆ ಕಂಡ ಮರ ಅದು. ಕೊಟ್ಟವನ ಔದಾರ್ಯವನ್ನು ಕೊಂಡಾಡುವುದೂ ಬೇಡ. 1855ಕ್ಕೆ ಟಿಪ್ಪುವಿನಿಂದ ಯಾರಿಗೂ ಅಪಾಯವಿರಲಿಲ್ಲ. ಸತ್ತ ಹುಲಿಯ ಗೋರಿಗೆ ದಂತದ ಬಾಗಿಲು ಇಡಿಸಿದರೆ ಖಜಾನೆಗೆ ನಷ್ಟವೂ ಇಲ್ಲ, ಹೊಡೆದವರ ಶೌರ್ಯಕ್ಕೆ ಇನ್ನಷ್ಟು ಬೆಲೆ. ಹಳೆಯ ಸೋಲಿನ ಚಿತ್ರಕ್ಕೆ ಬಣ್ಣ ಹಚ್ಚಿಸುವ ಧೈರ್ಯ ಕಡೆಯ ಗೆಲುವು ತನ್ನದೆಂದು ಖಾತ್ರಿಯಾದವನಿಗೆ ಮಾತ್ರ ಬರುತ್ತದೆ. ಅಲ್ಲಿಂದ ಹತ್ತು ಮೈಲಿ ಆಚೆ ಮೈಸೂರಿನ ಅರಮನೆಯಲ್ಲಿ ಜೀವಂತ ಕೂತು ನನ್ನ ರಾಜ್ಯ ಕೊಡಿ ಎನ್ನುತ್ತಿದ್ದ ಮುದುಕ ದೊರೆ ಬೇರೆ ವಿಷಯ. ಅವರಿಗೆ ಕೊಡಬೇಕಾಗಿದ್ದದ್ದು ರಾಜ್ಯ.

ಬಾಗಿಲ ಪಕ್ಕದ ಫಲಕದಲ್ಲಿ ಈ ಎರಡೂ ಇರಲಿ: 1855ರ ಉಡುಗೊರೆ, 1856ರ ಟಿಪ್ಪಣಿ. ನಾಲ್ಕು ಸಾಲು ಸಾಕು. ಶಾಲೆಯ ಪಾಠದ ಪಟ್ಟಿಯಲ್ಲಿ ಝಾನ್ಸಿ, ನಾಗಪುರಗಳ ಕೆಳಗೆ ಮೈಸೂರಿನ ಹೆಸರೂ ಬರಲಿ, ನುಂಗಲು ಹೋಗಿ ಗಂಟಲಲ್ಲಿ ಸಿಕ್ಕಿಬಿದ್ದ ತುತ್ತು ಎಂದು. ಮಕ್ಕಳನ್ನು ಗುಂಬಜ್‌ಗೆ ಕರೆತಂದ ಮೇಷ್ಟರು ಅದೇ ದಿನ ಜಗನ್ಮೋಹನ ಅರಮನೆಗೂ ಕರೆದೊಯ್ಯಲಿ. ಅಲ್ಲಿ ‘ಸಂತಾನಾಂಬುಜ’ ಎಂಬ ಭಿತ್ತಿಚಿತ್ರವಿದೆ. ಒಡೆಯರ ವಂಶವನ್ನೆಲ್ಲ ತಾವರೆಯೊಂದರ ಎಸಳುಗಳಲ್ಲಿ ಜೋಡಿಸಿ ಮುಮ್ಮಡಿಯವರ ಕಾಲದಲ್ಲಿ ಬರೆಸಿದ್ದು. ನಿಮಗೆ ಸಂತಾನವೇ ಇಲ್ಲ ಎಂದು ಕಲ್ಕತ್ತೆಯಿಂದ ಕಾಗದ ಬರುತ್ತಿದ್ದ ಕಾಲಕ್ಕೆ ಅರಮನೆಯ ಗೋಡೆ ಕೊಟ್ಟ ಉತ್ತರ ಅದು.

ಡಾಲ್‌ಹೌಸಿ ಸಾಯುವ ಮುನ್ನ ಉಯಿಲಿನಲ್ಲಿ ಒಂದು ಷರತ್ತು ಬರೆದಿಟ್ಟಿದ್ದ: ತನ್ನ ಖಾಸಗಿ ಕಾಗದಪತ್ರಗಳನ್ನು 50 ವರ್ಷ ಯಾರೂ ಪ್ರಕಟಿಸಕೂಡದು. ಆ ಗಡುವು ತೀರುವ ಹೊತ್ತಿಗೆ, 1910ರಲ್ಲಿ, ಅವನ ಪತ್ರಗಳು ಅಚ್ಚಾಗಿ ಹೊರಬಂದವು. ಮೈಸೂರಿನಲ್ಲಿ ಆಗ ಹೊಸ ಅರಮನೆಯ ಕಟ್ಟಡ ಮುಗಿಯುತ್ತಾ ಬಂದಿತ್ತು. ಸಿಂಹಾಸನದ ಮೇಲೆ ಇದ್ದವರು ಆ ದತ್ತುಮಗನ ಮಗ, ನಾಲ್ವಡಿ ಕೃಷ್ಣರಾಜ ಒಡೆಯರು.